ಪಶುವೈದ್ಯರ ಪಾಠಕ್ಕೆ ಇಂಡಿ, ಸಿಂದಗಿಯ ಬಿಸಿಲೂ ಬೇಕು

ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ದನ ಆರೋಪಿಯಾಗಿದೆ. ಅದು ಮೆಲುಕು ಹಾಕುವಾಗ ಹೊರಬೀಳುವ ಮೀಥೇನ್ ಭೂಮಿಯ ಶಾಖ ಹೆಚ್ಚಿಸುತ್ತದೆ. ಮಾನವ ಚಟುವಟಿಕೆಯಿಂದಾಗುವ ಹಸಿರುಮನೆ ಅನಿಲಗಳಲ್ಲಿ ಶೇ. 14.5 ಪಾಲು ಜಾನುವಾರು ಸಾಕಣೆಯದ್ದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜಿಸಿತ್ತು. ಇದು ನಿಜವೇ. ಆದರೆ ಪಶುವೈದ್ಯ ವಿದ್ಯಾರ್ಥಿಗಳ ಪಾಠ ಇಷ್ಟಕ್ಕೇ ಮುಗಿದರೆ ವಿಜಯಪುರ ಜಿಲ್ಲೆಯ ರೈತನಿಗೆ ಅನ್ಯಾಯವಾದೀತು.

ಇಂಡಿ, ಸಿಂದಗಿ ಭೀಮಾ ಕಡೆಯವು. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕೃಷ್ಣೆಯ ಕಡೆಯವು. ನದಿಯಿದ್ದೂ ಬರ ತಪ್ಪದ ಸೀಮೆ. ಈ ಭಾಗದ ಜನ ಕರಾವಳಿಯ ನಮಗೆ ಅಪರಿಚಿತರಲ್ಲ. ನಮ್ಮ ಮನೆ, ಇಗರ್ಜಿಗಳ ಗೋಡೆ ಕಟ್ಟಿದವರಲ್ಲಿ ಅವರೂ ಇದ್ದಾರೆ. ಮೇವಿಲ್ಲದೆ ಎತ್ತು ಮಾರಿದ ಮನೆಗೆ ಗುಳೆ ಹೋಗುವುದೊಂದೇ ದಾರಿ.

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹರಿಯಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಪ್ರತಿಯೊಂದು ನೆರೆ, ಬರಕ್ಕೂ ಹವಾಮಾನ ಬದಲಾವಣೆಯೇ ಕಾರಣವೆಂದು ನಾವು ಹೇಳುತ್ತಿಲ್ಲ. (ಅಣೆಕಟ್ಟಿನ ಗೇಟು ತೆರೆಯುವವರ ಲೆಕ್ಕವೂ ಅದರಲ್ಲಿದೆ!) ಆದರೆ ಇವೆರಡರ ನಡುವೆ ದುಡಿಯಬಲ್ಲ ವೈದ್ಯ ಬೇಕು.

ಜೋಳವನ್ನೇ ನೋಡಿ. ಮಳೆ ಕೈಕೊಟ್ಟು ಕುಂಠಿತವಾದ ಎಳೆ ಪೈರಿನಲ್ಲಿ ಸಯನೈಡ್ ವಿಷ ಹೆಚ್ಚುತ್ತದೆ. ಹಸಿದ ದನ ಅದಕ್ಕೆ ಬಾಯಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಉಸಿರುಕಟ್ಟಿ ಸಾಯಬಹುದು. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಕೂಡಲೇ ಸಿಕ್ಕರೆ ಬದುಕೀತು. ವಿಷಶಾಸ್ತ್ರದಲ್ಲಿ ಇದು ಹಳೆಯ ಪಾಠ. ಮಳೆಯ ವರದಿ ನೋಡಿ, ಯಾವ ಹೋಬಳಿಯಲ್ಲಿ ಪೈರು ಬಾಡುತ್ತಿದೆಯೆಂದು ತಿಳಿದು, ಅಲ್ಲಿನ ಆಸ್ಪತ್ರೆಗೆ ಮುಂಚೆಯೇ ಆ ಔಷಧ ತಲುಪಿಸುವುದು ಮಾತ್ರ ಹೊಸ ಪಾಠ. ಅಕಾಲ ಮಳೆಯಲ್ಲೂ ಹೀಗೆಯೇ: ತೇವದಲ್ಲಿ ನುಸಿ ಹೆಚ್ಚಿದರೆ ಕುರಿಗಳಿಗೆ ನೀಲಿ ನಾಲಿಗೆ ರೋಗ, 2022ರಲ್ಲಿ ರಾಜ್ಯವನ್ನು ಕಾಡಿದ ಚರ್ಮಗಂಟು ರೋಗ ಹರಡುವುದೂ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ.

ತಳಿಯ ವಿಚಾರವೂ ಇದೆ. ಹೆಚ್ಚು ಹಾಲಿನ ಮಿಶ್ರತಳಿ ಹಸು ಬಿಸಿಲಿಗೆ ಬಳಲಿ ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ಬಿಸಿಲು ತಾಳುವ ಖಿಲಾರಿಗೆ ಹಾಲು ಕಡಿಮೆ. ಸಾಲ ಮಾಡಿ ಹಸು ಕೊಳ್ಳುವ ಹೆಂಗಸಿಗೆ ಯಾವುದನ್ನು ಕೊಳ್ಳು ಎನ್ನಬೇಕು? ಬೆಂಗಳೂರಿನ ಹೆಬ್ಬಾಳದಲ್ಲಿ ಕುಳಿತು ಇದಕ್ಕೆ ಉತ್ತರ ಹೇಳುವುದು ಕಷ್ಟ.

ಭೂಮಿಯ ಅಳಲೂ ಬಡವರ ಅಳಲೂ ಬೇರೆಯಲ್ಲವೆಂದು ಪೋಪ್ ಫ್ರಾನ್ಸಿಸರು 2015ರ 'ಲಾವ್ದಾತೊ ಸಿ' ಪತ್ರದಲ್ಲಿ ತಿಳಿಸಿದ್ದರು. ಪಶುವೈದ್ಯ ಪದವಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯವಿದೆ. ಅದರಲ್ಲಿ ಏಪ್ರಿಲ್, ಮೇ ತಿಂಗಳ ಕೆಲವು ವಾರಗಳನ್ನಾದರೂ ಈ ನಾಲ್ಕು ತಾಲೂಕುಗಳಿಗೆ ಮೀಸಲಿಡುವಂತೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವನ್ನು ನಾವು ಕೋರುತ್ತೇವೆ.