ತಾಯಿ ಕಾರ್ಡ್‌ನಲ್ಲಿ ಫ್ಲೂ ಲಸಿಕೆಗೂ ಒಂದು ಸಾಲು ಬೇಕು

2025ರಲ್ಲಿ ಹಾಸನ ಜಿಲ್ಲೆಯಲ್ಲಿ ಒಂದೇ ತಿಂಗಳ ಅವಧಿಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದ ಸುದ್ದಿ ಬಂತು. ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದೆಂದು ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಆದರೆ ಸರ್ಕಾರವೇ ನೇಮಿಸಿದ್ದ, ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿಗೆ ಅಂಥ ನಂಟು ಕಾಣಲಿಲ್ಲ. ಮುಖ್ಯಮಂತ್ರಿಯ ಮಾತು ತಲುಪಿದಷ್ಟು ಮನೆಗಳಿಗೆ ಆ ವರದಿ ತಲುಪಲಿಲ್ಲ ಎಂಬುದೇ ನನ್ನ ಸಂಕಟ.

ಹೃದಯದ ಚಿಂತೆ ನಿಜವಾಗಿದ್ದರೆ ಸರ್ಕಾರ ಫ್ಲೂ ಬಗ್ಗೆ ಮಾತಾಡಬೇಕಿತ್ತು. ಫ್ಲೂ ದೃಢಪಟ್ಟ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುತ್ತದೆಂದು ಕೆನಡಾದ ಒಂಟಾರಿಯೊದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಿಗೆ ಅಲ್ಲೇ ಫ್ಲೂ ಲಸಿಕೆ ಕೊಟ್ಟಾಗ ಮುಂದಿನ ಒಂದು ವರ್ಷದಲ್ಲಿ ಸಾವು ಕಡಿಮೆಯಾದದ್ದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡಿತು. ಅಂದರೆ ಇಲ್ಲಿ ಲಸಿಕೆ ಹೃದಯವನ್ನು ಕಾಯುತ್ತದೆ. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಅದಕ್ಕೆ ಸಾವಿರ ರೂಪಾಯಿಗೂ ಮೇಲೆ, ಅದೂ ವರ್ಷವರ್ಷ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಯಲ್ಲಿ ತಿಂಗಳು ದೂಡುವ ಅಜ್ಜಿ ಎಲ್ಲಿಂದ ತರಬೇಕು?

ಕೂಸುಗಳ ಪಾಡು ಇನ್ನೂ ಕಷ್ಟ. ಆರು ತಿಂಗಳು ತುಂಬುವ ತನಕ ಫ್ಲೂ ಲಸಿಕೆ ಹಾಕುವಂತಿಲ್ಲ, ಉಸಿರಾಟದ ಸೋಂಕು ಹೆಚ್ಚು ಕಾಡುವುದೂ ಆಗಲೇ. ಬಸುರಿನಲ್ಲಿ ತಾಯಿಗೆ ಲಸಿಕೆ ಹಾಕಿದರೆ ಅವಳ ರಕ್ಷಣೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಇಳಿಯುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಗರ್ಭಿಣಿಯರಿಗೆ ಚುಚ್ಚುಮದ್ದು ಕೊಟ್ಟು, ಹೆರಿಗೆಯನ್ನು ಆಸ್ಪತ್ರೆಗೆ ತಂದು, 2015ರ ಹೊತ್ತಿಗೆ ಈ ದೇಶ ನವಜಾತ ಶಿಶುಗಳ ಧನುರ್ವಾಯುವನ್ನು ಹತ್ತಿಕ್ಕಿತು. ಆ ಚುಚ್ಚುಮದ್ದು ಹೊತ್ತು ಊರೂರು ತಿರುಗಿದ ದಾದಿಯರು, ಮನೆಮನೆಯಿಂದ ಬಸುರಿಯರನ್ನು ಕರೆತಂದ ಆಶಾ ಕಾರ್ಯಕರ್ತೆಯರು ಇಂದಿಗೂ ಇದ್ದಾರೆ. ಫ್ಲೂ ಲಸಿಕೆ ಮಾತ್ರ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿಲ್ಲ.

ಫ್ಲೂ ವೈರಾಣು ವೇಷ ಬದಲಿಸುತ್ತದೆ, ಕೆಲವು ವರ್ಷ ಲಸಿಕೆ ಅಷ್ಟಾಗಿ ಹೊಂದುವುದಿಲ್ಲ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಜ್ವರವನ್ನು ಪೂರ್ತಿ ತಡೆಯದಿದ್ದರೂ ಐಸಿಯು ತಪ್ಪಿಸಿದರೆ ಸಾಕು, ಒಂದು ಕುಟುಂಬ ಸಾಲದಿಂದ ಉಳಿಯುತ್ತದೆ.

ಲಸಿಕೆಯ ಬಗ್ಗೆ ಅನುಮಾನ ಬಿತ್ತಿದ ಸರ್ಕಾರಕ್ಕೆ ಅದನ್ನು ಕೀಳುವ ಹೊಣೆಯೂ ಇದೆ. ಮುಂಗಾರಿನೊಂದಿಗೆ ಫ್ಲೂ ಏರುತ್ತದೆ. ಅದಕ್ಕೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೂ ಅರವತ್ತು ದಾಟಿದವರಿಗೂ ಈ ಲಸಿಕೆ ಉಚಿತವಾಗಿ ಸಿಗಲಿ. ಬಜೆಟ್‌ನಲ್ಲಿ ಹಣವಿಡಿ, ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್‌ನಲ್ಲಿ ಧನುರ್ವಾಯು ತಡೆಯುವ ಟಿಡಿ ಲಸಿಕೆಯ ಪಕ್ಕ ಇದನ್ನೂ ಬರೆಯಿರಿ.