ಪಟ್ಟಿ ಯಾರದು, ಕೀಳುವವರು ಯಾರು?

‘ಜನಾಂಗ, ಬುಡಕಟ್ಟುಗಳ ಹಣೆಪಟ್ಟಿ ಕಿತ್ತೊಗೆದು ಬರೀ ಭಾರತೀಯರಾಗೋಣ’ ಎಂಬ ಧಾಟಿಯ ಲೇಖನ ಓದಿದೆ. ಕೇಳಲು ಹಿತವೇ. ಆದರೆ ಲೇಖಕರು ಈ ಮಾತನ್ನು ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಮುಂದೆ ಒಮ್ಮೆ ಆಡಿ ನೋಡಲಿ.

ಸಿದ್ದಿಗಳು ಆಫ್ರಿಕಾ ಮೂಲದವರು. ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿಯೂ ಅವರಲ್ಲಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಮನೆಮಾತು ಕೊಂಕಣಿಯ ಬಗೆ, ಜೊತೆಗೆ ಕನ್ನಡ, ಮರಾಠಿ. ಶತಮಾನಗಳ ಬಾಳುವೆಯ ನಂತರವೂ ಊರು ದಾಟಿದರೆ ‘ಯಾವ ದೇಶದವರು?’ ಎಂಬ ಪ್ರಶ್ನೆ ತಪ್ಪಿಲ್ಲ. ಅವರು ಭಾರತೀಯರಾಗಲು ಒಲ್ಲೆ ಎಂದಿದ್ದು ಯಾವಾಗ? ನಂಬದವರು ನಾವು.

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಜಿಲ್ಲೆಯ ಗಡಿಯಾಚೆ, ಧಾರವಾಡ, ಬೆಳಗಾವಿಯಲ್ಲಿದ್ದ ಅವರದೇ ನೆಂಟರಿಷ್ಟರು 2020ರವರೆಗೆ ಕಾಯಬೇಕಾಯಿತು. ಲೇಖಕರು ಬಯಸುವ ‘ಪಟ್ಟಿಯಿಲ್ಲದ ಬದುಕು’ ಅಷ್ಟು ವರ್ಷ ಅವರ ಪಾಲಿಗಿತ್ತು. ಅದರಿಂದ ಅವರು ಹೆಚ್ಚು ಭಾರತೀಯರಾದರೇ? ಮೀಸಲಾತಿ ಕೈತಪ್ಪಿತು, ಅಷ್ಟೇ. ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗಲೂ 2020 ಆಗಿತ್ತು.

ಪಟ್ಟಿಗಳನ್ನು ಮತ ಗಳಿಕೆಗೆ ಬಳಸುವವರಿದ್ದಾರೆ, ಒಪ್ಪುತ್ತೇನೆ. ಆದರೆ 2012ರ ಆಗಸ್ಟ್‌ನಲ್ಲಿ ದಾಳಿಯ ವದಂತಿಗೆ ಬೆದರಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ ಈಶಾನ್ಯ ರಾಜ್ಯದವರ ಜಾತಿ ಪ್ರಮಾಣಪತ್ರವನ್ನು ಯಾರೂ ಕೇಳಿರಲಿಲ್ಲ. ಮುಖ ನೋಡಿಯೇ ಅವರನ್ನು ಹೊರಗಿನವರೆಂದು ಎಣಿಸುತ್ತಿದ್ದೆವು.

ಪಟ್ಟಿ ಕೀಳುವ ಉತ್ಸಾಹ ಅಷ್ಟಿದ್ದರೆ ಲೇಖಕರು ತಹಶೀಲ್ದಾರ್ ಕಚೇರಿಯ ಬದಲು ಭಾನುವಾರದ ವಧು-ವರರ ಜಾಹೀರಾತಿನಿಂದ ಶುರುಮಾಡಲಿ.