ಅರಿವಿನ ಕೊರತೆ ಯಾರಿಗೆ?

(1/3)

ಫೋಟೋದಾಗ ಇರೋದು ನಮ್ಮ ಪ್ರಾಜೆಕ್ಟಿನ ಫಾರ್ಮ್. ಹೆಸರು ಮುಚ್ಚೀನಿ. ಎಂಟನೇ ಪ್ರಶ್ನೆ ನೋಡ್ರಿ: ‘ನೀವು ಯುಪಿಐ ಬಗ್ಗೆ ತಿಳಿದಿದ್ದೀರಾ?’ ‘ಇಲ್ಲ’ದ ಮುಂದ ಒಂದು ಟಿಕ್. ಹಾಕಿದ್ದು ನಾನು. ಆ ಟಿಕ್ ಸುಳ್ಳು.

ಹೋದ ಸೆಮಿಸ್ಟರ್‌ನಾಗ ನಾವು ನಾಲ್ಕು ಮಂದಿ ರಾಯಚೂರಿನಿಂದ ಬಸ್ ಹತ್ತಿ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ವಿ. ವಿಷಯ ‘ಗ್ರಾಮೀಣ ಮಹಿಳೆಯರು ಮತ್ತು ಡಿಜಿಟಲ್ ಪಾವತಿ’. 40 ಫಾರ್ಮ್, ಒಂದೇ ದಿನ. ಹತ್ತಿ ಬಿಡಿಸೋ ಕಾಲ. ದುಡಿಯೋರೆಲ್ಲ ಹೊಲದಾಗ, ಇನ್ನಷ್ಟು ಮಂದಿ ಗುಳೆ ಹೋಗಿದ್ರು. ಮನ್ಯಾಗ ಸಿಕ್ಕೋರು ವಯಸ್ಸಾದೋರೇ. ಇದನ್ನೂ ನಾವು ರಿಪೋರ್ಟಿನಾಗ ಬರೀಲಿಲ್ಲ.

ಕಟ್ಟಿ ಮ್ಯಾಲ ಕುಂತು ಮೆಣಸಿನಕಾಯಿ ತೊಟ್ಟು ಬಿಡಿಸ್ತಿದ್ದ ಒಬ್ಬ ಅಮ್ಮ ಮೊದಲು ನನ್ನ ಕೊರಳಾಗಿನ ಐಡಿ ಕಾರ್ಡ್ ನೋಡಿದ್ಲು. “ಯಾ ಆಫೀಸಿನಾಕಿ ಯವ್ವಾ? ರೇಷನ್ ಕಾರ್ಡ್ ತೆಗಿಸಾಕ ಬಂದೀಯೇನು?”

ನಾವು ನಕ್ವಿ. “ಇಲ್ಲಮ್ಮಾ, ಕಾಲೇಜಿನವ್ರು” ಅಂದು ಪ್ರಶ್ನೆ ಶುರು ಮಾಡಿದ್ವಿ. ಎಂಟನೇದಕ್ಕ ಆಕಿ ಉತ್ತರ: “ನಮಗೇನ್ ತಿಳೀತೈತವ್ವಾ ಅದೆಲ್ಲ.” ಟಿಕ್.

ಒಂದು ತಾಸಿನ ಮ್ಯಾಲ ಬಸ್ಸಿಗೆ ಕಾಯ್ಕೊಂತ ಕಿರಾಣಿ ಅಂಗಡಿ ಮುಂದ ನಿಂತಿದ್ವಿ. ಅದೇ ಅಮ್ಮ ಬಂದ್ಲು. “ಮಗ ಪುಣೆದಿಂದ ಹಾಕ್ಯಾನಂತ, ನಿನ್ನ ಫೋನಿಗೆ ಬಂತೇನು ನೋಡಪಾ.” ಅಂಗಡಿಯಂವ ನೋಡಿ ರೊಕ್ಕ ಎಣಿಸಿ ಕೊಟ್ಟ. ಆಕಿ ಇನ್ನೊಮ್ಮೆ ಎಣಿಸಿ ಜಗಳಕ್ಕ ನಿಂತ್ಲು: “ಹೋದ ಸಲ ಸಾವಿರಕ್ಕ ಹತ್ತು ಹಿಡ್ಕೊಂಡಿ, ಈ ಸಲ ಇಪ್ಪತ್ತು ಯಾಕ?” ಎಟಿಎಂಗೆ ಹೋದ್ರ ಒಂದು ದಿನದ ಕೂಲಿ ಹೋಗತೈತಿ, ಹಂಗಂತ ಇಪ್ಪತ್ತು ಕೊಡೋಕಾಗಲ್ಲ ಅಂತ ಆಕಿ ಲೆಕ್ಕ. ನಾವು ಕಾಸ್ಟ್ ಅಕೌಂಟಿಂಗ್‌ನಾಗ ಓದೋದು ಇದನ್ನೇ ಅಲ್ವಾ? ಹೋಗೋ ಮುಂದ ನಮ್ಮ ಕಡೆ ನೋಡಿ ಸಣ್ಣಗ ನಕ್ಕಳು.

ನಮ್ಮ ರಿಪೋರ್ಟಿನ ಐದನೇ ಅಧ್ಯಾಯ: ‘ಗ್ರಾಮೀಣ ಮಹಿಳೆಯರಲ್ಲಿ ಡಿಜಿಟಲ್ ಪಾವತಿಯ ಬಗ್ಗೆ ಅರಿವಿನ ಕೊರತೆ ಕಂಡುಬಂದಿದೆ.’ ಮಾರ್ಕ್ಸ್ ಚಲೋ ಬಂದ್ವು.

(2/3)

ನಿಮ್ಮ ರಿಪೋರ್ಟ್ ತೆಗೆದು ನೋಡ್ರಿ. ಬೆಳೆ ವಿಮೆ ಇರಲಿ, ಸ್ವಸಹಾಯ ಸಂಘ ಇರಲಿ, ಜನಧನ್ ಖಾತೆ ಇರಲಿ, ಎಲ್ಲಾದಕ್ಕೂ ಒಂದೇ ಕಾರಣ, ‘ಅರಿವಿನ ಕೊರತೆ’. ಊರಿಗೆ ಹೋಗೋಕಿಂತ ಮೊದಲೇ ನಾವು ಅದನ್ನ ಬರೆದಿರ್ತೀವಿ. ಪೀಠಿಕೆಯಾಗ ನಂಜುಂಡಪ್ಪ ವರದಿ ಬರ್ತೈತಿ, ‘ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕು’. ಹೌದು, 2002ರ ಆ ವರದಿ 39 ತಾಲ್ಲೂಕುಗಳನ್ನ ಅತ್ಯಂತ ಹಿಂದುಳಿದವು ಅಂತ ಗುರುತಿಸಿತ್ತು, ದೇವದುರ್ಗ ಅದರಾಗ ಇತ್ತು. ಆದರ ಆ ಸಮಿತಿ ಅಳೆದದ್ದು ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆರೋಗ್ಯದಂಥ 35 ಸೂಚ್ಯಂಕ. ಊರಿಗೆ ಏನು ಸಿಕ್ಕಿಲ್ಲ ಅನ್ನೋ ಲೆಕ್ಕ ಅದು. ನಾವು ಅದನ್ನ ತಿರುಗಿಸಿ ಊರಿನ ಮಂದಿಗೆ ಏನು ತಿಳಿಯಂಗಿಲ್ಲ ಅನ್ನೋ ಲೆಕ್ಕ ಮಾಡಿಬಿಟ್ವಿ. ಬ್ಯಾಂಕ್ ಇಲ್ಲದ ಊರಿನಾಗ ಬ್ಯಾಂಕ್ ಬಳಸದೋರು ದಡ್ಡರಂತ!

ಇನ್ನು ಕೊನೇ ಪುಟ, ‘ರಿಫ್ಲೆಕ್ಷನ್’. “ಈ ಪ್ರಾಜೆಕ್ಟ್‌ನಿಂದ ನಮ್ಮಲ್ಲಿ ಟೀಮ್‌ವರ್ಕ್ ಮತ್ತು ಸಂವಹನ ಕೌಶಲ್ಯ ಬೆಳೆಯಿತು.” ಸೀನಿಯರ್ಸ್ ಪಿಡಿಎಫ್‌ನಾಗೂ ಅದೇ, ಚಾಟ್‌ಜಿಪಿಟಿ ಕೊಟ್ಟದ್ದೂ ಅದೇ. ಸಂವಹನ ಎಲ್ಲಿ ಬೆಳೀತು ಮಾರಾಯ್ರೆ? ಆಕಿ ಕೇಳಿದ ಒಂದೇ ಪ್ರಶ್ನೆಗೆ ನಾವು ನಕ್ಕು ಮುಂದ ಹೋದ್ವಿ. 2024ರ ನವೆಂಬರ್‌ನಾಗ ಬಿಪಿಎಲ್ ಕಾರ್ಡ್ ರದ್ದಾಗ್ತಾವಂತ ರಾಜ್ಯದ ತುಂಬ ಎಷ್ಟು ಗದ್ದಲ ಆಯ್ತು ನೆನಪೈತಲ್ಲ? ಅಂಥಾದ್ದರಾಗ ಕೊರಳಿಗೆ ಕಾರ್ಡ್ ಹಾಕ್ಕೊಂಡು, ಪ್ಯಾಡ್ ಹಿಡ್ಕೊಂಡು ಬಂದೋರಿಗೆ ಯಾರು ರೊಕ್ಕದ ಸುದ್ದಿ ಹೇಳ್ತಾರ?

ರಿಫ್ಲೆಕ್ಷನ್ ಅಂದ್ರ ಮಾಡಿದ ಕೆಲಸ ತಿರುಗಿ ನೋಡೋದು. ರಿಫ್ಲೆಕ್ಸಿವಿಟಿ ಅಂತ ಇನ್ನೊಂದು ಐತಿ, ಅದು ಇನ್ನೂ ಕಷ್ಟ. ನಾನು ಯಾರು, ನನ್ನನ್ನ ಅವರು ಯಾರಂತ ತಿಳ್ಕೊಂಡ್ರು, ಅದರಿಂದ ಉತ್ತರ ಹೆಂಗ ಬದಲಾಯ್ತು ಅಂತ ಬರೆಯೋದು. ಬಿಕಾಂನವರಿಗೆ ಇದೇನು ಹೊಸದಲ್ಲ. ಕಂಪನಿ ಕಾಯ್ದೆ 2013ರ ಕಲಂ 141 ಎಲ್ಲರೂ ಬಾಯಿಪಾಠ ಮಾಡೀವಿ: ಕಂಪನಿಯ ಷೇರು ಇಟ್ಕೊಂಡಂವ ಅದರ ಆಡಿಟರ್ ಆಗಂಗಿಲ್ಲ. ಯಾಕಂದ್ರ ಲೆಕ್ಕ ನೋಡೋನು ಎಲ್ಲಿ ನಿಂತಾನ ಅನ್ನೋದರ ಮ್ಯಾಲ ಲೆಕ್ಕ ಬದಲಾಗತೈತಿ. ಆಡಿಟರ್‌ಗೆ ಈ ನಿಯಮ ಬೇಕು, ನಮಗ ಬ್ಯಾಡ?

ಸರ್ವೆದಾಗ ಆಡಿಟರ್ ಹಂಗ ಹೊರಗ ನಿಲ್ಲಾಕ ಆಗಂಗಿಲ್ಲ, ಒಪ್ಪತೀನಿ. ಎಲ್ಲಾರೂ ಎಲ್ಲೋ ಒಂದು ಕಡೆ ನಿಂತೇ ಇರ್ತೀವಿ. ಅದಕ್ಕ ಎಲ್ಲಿ ನಿಂತೀವಿ ಅಂತ ಬರೀಬೇಕು.

(3/3)

“ಇವೆಲ್ಲ ಪಿಎಚ್‌ಡಿಯೋರ ಮಾತು, ನಮಗ್ಯಾಕ” ಅಂತ ಒಬ್ರು ಡಿಎಂ ಮಾಡಿದ್ರು. ಸರಿ, ದೊಡ್ಡೋರ ಕಥೀನೇ ಕೇಳ್ರಿ. ಎಂ.ಎನ್. ಶ್ರೀನಿವಾಸ್ 1948ರಾಗ ಮೈಸೂರು ಸೀಮೆಯ ಒಂದು ಹಳ್ಳಿಯಾಗ ತಿಂಗಳುಗಟ್ಟಲೆ ಇದ್ರು. ಪುಸ್ತಕದಾಗ ಅದರ ಹೆಸರು ರಾಂಪುರ. 1970ರಾಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಾಗ ಅವರ ಕಚೇರಿಗೆ ಬೆಂಕಿ ಬಿದ್ದು, ಸಿದ್ಧಪಡಿಸಿದ ಟಿಪ್ಪಣಿಗಳು ಸುಟ್ಟವು. ಹೆಚ್ಚಾಗಿ ನೆನಪಿನಿಂದಲೇ ಬರೆದ ಪುಸ್ತಕ 1976ರಾಗ ಬಂತು. ಅದರಾಗ ಅವರೇ ಒಪ್ಪಿಕೊಂಡಾರ: ತಾನು ಕಂಡದ್ದು ಮೇಲ್ಜಾತಿಯವರ ಕಣ್ಣಿನ ಊರು, ದಲಿತರ ಅಥವಾ ಮುಸ್ಲಿಮರ ನಡುವೆ ಇದ್ದಿದ್ರ ಬ್ಯಾರೆ ಊರು ಕಾಣ್ತಿತ್ತು ಅಂತ. ತಿಂಗಳುಗಟ್ಟಲೆ ಇದ್ದೋರೇ ಇಷ್ಟು ಹೇಳ್ಯಾರ. ನಾವು ಬೆಳಿಗ್ಗೆ ಹೋಗಿ ಸಂಜೀಕ ಬಂದೋರು.

ನಾವು ಊರಿಗೆ ಹೋದ ಕೂಡ್ಲೇ ಪಂಚಾಯ್ತಿ ಮೆಂಬರ್ ಮನ್ಯಾಗ ಚಹಾ ಕುಡಿದ್ವಿ. ಅವರು ಒಬ್ಬ ಹುಡುಗನ್ನ ಜೋಡಿ ಕಳಿಸಿದ್ರು. ಅಂವ ತೋರಿಸಿದ ಮನಿಗಳೇ ನಮ್ಮ ‘ರ‍್ಯಾಂಡಮ್ ಸ್ಯಾಂಪಲ್’. ಊರ ಹೊರಗಿನ ಕೇರಿಗೆ ಅಂವ ಕರ್ಕೊಂಡು ಹೋಗಲಿಲ್ಲ, ನಾವೂ ಕೇಳಲಿಲ್ಲ. 40ರಾಗ ಆ ಕೇರಿಯ ಫಾರ್ಮ್ ಒಂದೂ ಇಲ್ಲ.

ನನ್ನ ತಪ್ಪು ಇನ್ನೂ ದೊಡ್ಡದು. ನಾನು ಮಾನ್ವಿಯಾಕಿ. ನಮ್ಮ ಮನಿಗೆ ಪ್ಯಾಡ್ ಹಿಡ್ಕೊಂಡು ಯಾರರ ಬಂದ್ರ ನಮ್ಮವ್ವನೂ ಬಾಗಿಲಾಗ ನಿಂತು “ನಮಗೇನೂ ತಿಳಿಯಂಗಿಲ್ರಿ” ಅಂತಾಳ. ಒಳಗ ಬಂದು ನನಗ ಕಣ್ಣು ಹೊಡೀತಾಳ. ಅಂದ್ರ ಆ ಉತ್ತರದ ಅರ್ಥ ನನಗ ಸಣ್ಣಾಕಿದ್ದಾಗಿಂದ ಗೊತ್ತು. ಐಡಿ ಕಾರ್ಡ್ ಹಾಕ್ಕೊಂಡ ಮ್ಯಾಲ ಮರೆತೆ.

ಒಂದು ಮಾತು. ರಿಫ್ಲೆಕ್ಸಿವಿಟಿ ಅಂತ ನಮ್ಮ ಬಗ್ಗೆನೇ ನಾಲ್ಕು ಪುಟ ಅತ್ತುಕೊಂಡು ಬರೆದ್ರ ಅದೂ ನಾಟಕನೇ. ಈ ಪೋಸ್ಟ್ ಹಂಗ ಕಂಡ್ರ ಕಾಮೆಂಟಿನಾಗ ಬೈರಿ. ಆದರ ನಾಳೆ ನಮ್ಮಾಗ ಒಬ್ರು ಬ್ಯಾಂಕಿನಾಗ ಲೋನ್ ಫೈಲ್ ನೋಡ್ತಾರ, ಇನ್ನೊಬ್ರು ಪಂಚಾಯ್ತಿಯಾಗ ಫಲಾನುಭವಿ ಪಟ್ಟಿ ಬರೀತಾರ. ಇಂಥಾ ಒಂದು ಟಿಕ್ ಮ್ಯಾಲ ಆಗ ಯಾರದೋ ಅರ್ಜಿ ನಿಂತಿರ್ತೈತಿ.

ಜೂನಿಯರ್ಸ್, ಮುಂದಿನ ತಿಂಗಳು ನಿಮ್ಮ ಸರ್ವೆ ಐತಿ. ಫಾರ್ಮ್ ಹಿಂದಿನ ಪುಟ ಖಾಲಿ ಇರ್ತೈತಿ, ಅಲ್ಲೇ ಬರೀರಿ: ಊರಿಗೆ ಯಾರ ಜೋಡಿ ಹೋದ್ರಿ, ಯಾವ ಓಣಿಗೆ ಹೋಗಲಿಲ್ಲ, ಮನ್ಯಾಗ ಆಗ ಯಾರಿದ್ದಿಲ್ಲ, ಅವರು ನಿಮ್ಮನ್ನ ಮೊದಲು ಏನು ಕೇಳಿದ್ರು. ಅವರ ಮಾತು ಅವರು ಅಂದಂಗೇ ಬರೀರಿ, ‘ಶುದ್ಧ’ ಮಾಡಬ್ಯಾಡ್ರಿ. ಗೈಡ್ ಮೇಡಂ ಬ್ಯಾಡ ಅಂದ್ರ ನನಗ ಹೇಳ್ರಿ, ನಾನೂ ಬರ್ತೀನಿ ಕೇಳಾಕ.

#ರಾಯಚೂರು #ದೇವದುರ್ಗ #ಮಾನ್ವಿ #ಬಿಕಾಂಪ್ರಾಜೆಕ್ಟ್